ಹೊಗೆ ವಿಸ್ತಿನನ ಫ್ಲೈವೀಲ್

ಮಾಲ್ಟಾ ದ್ವೀಪದ ನಮ್ಮ ಹಾಲ್ ಬಿಸ್ರಾದಲ್ಲಿ ಪ್ರತಿಯೊಬ್ಬರಿಗೂ ಎರಡು ಹೆಸರು. ಮೊದಲನೆಯದು ಪಾದ್ರಿ ನೀರು ಚಿಮುಕಿಸಿ ಇಡುವುದು. ಅದು ಪಾಸ್‌ಪೋರ್ಟಿಗೂ ಗೋರಿಕಲ್ಲಿಗೂ ಮಾತ್ರ ಬೇಕಾಗುತ್ತದೆ. ಎರಡನೆಯದು ಊರು ಇಡುವುದು. ಅದು ಹೊಲಮನೆಯಂತೆ ಅಪ್ಪನಿಂದ ಮಕ್ಕಳಿಗೆ ಇಳಿಯುತ್ತದೆ, ಆದರೆ ಮಾರಲು ಬರುವುದಿಲ್ಲ. ನೂರು ವರ್ಷದ ಹಿಂದೆ ಯಾವನೋ ಮೆರವಣಿಗೆಯಲ್ಲಿ ಮೇಣದಬತ್ತಿ ಹಿಡಿದುಕೊಂಡೇ ತೂಕಡಿಸಿದನಂತೆ. ಅವನ ಮರಿಮಗ ಇವತ್ತು ಬ್ಯಾಂಕ್ ಮ್ಯಾನೇಜರ್. ಆದರೂ ಅವನು ಟೈ ಕಟ್ಟಿಕೊಂಡು ಹೋಗುತ್ತಿದ್ದರೆ ನಾವು 'ತೂಕಡಿಕೆಯವರ ಹುಡುಗ ಹೊರಟ' ಅನ್ನುತ್ತೇವೆ.

ಇಂಥ ಊರಿನಲ್ಲಿ ನೀರಿನ ಟ್ಯಾಂಕರ್ ಓಡಿಸುವ ವಿಸ್ತಿನನಿಗೆ 'ಹೊಗೆ' ಅಂತ ಹೆಸರು ಬಿತ್ತು. ಹೋದ ವರ್ಷದ ಬೆಟ್ಟದ ರೇಸಿನಲ್ಲಿ ಅವನು ತನ್ನ ಹಳೇ ಎಸ್ಕಾರ್ಟ್ ಕಾರನ್ನು ಗೆರೆಯ ಮೇಲೆ ನಿಲ್ಲಿಸಿದ್ದ. ಹಸಿರು ದೀಪ ಬಂತು. ಇಂಜಿನ್ ಕಿರುಚಿತು, ಕಾರು ಮಾತ್ರ ಇದ್ದಲ್ಲೇ ಇತ್ತು, ಕ್ಲಚ್ ಸುಟ್ಟು ಅಡಿಯಿಂದ ಮೋಡದಂತೆ ಹೊಗೆ ಎದ್ದಿತು. ಬೆಂಕಿ ಆರಿಸುವವರು ಓಡಿ ಬಂದು ಕಾರಿಗೂ ವಿಸ್ತಿನನಿಗೂ ಸಮನಾಗಿ ನೊರೆ ಹೊಡೆದರು. ಮೈಕಿನವನು ಸುಮ್ಮನಿರಲಾರದೆ, "ಬಿಳಿ ಹೊಗೆ ಕಾಣ್ತಾ ಇದೆ, ಹೊಸ ಪೋಪ್ ಆಯ್ಕೆ ಆದ್ರು ಅನ್ಸತ್ತೆ" ಎಂದ. ಮೂರು ಸಾವಿರ ಜನ ನಕ್ಕರು. ವಿಸ್ತಿನ್ ಅದನ್ನು ತಡೆದುಕೊಂಡ, ಒಂಬತ್ತು ವರ್ಷದಿಂದ ಕೊನೆಯ ಸ್ಥಾನ ಬಂದವನಿಗೆ ನಗು ಹೊಸದಲ್ಲ. ಆದರೆ ಮುಂದಿನ ವಾರ ಬಸ್ ಸ್ಟಾಪಿನಲ್ಲಿ ಅವನ ಮಗಳು ರೀತಾಳನ್ನು ಯಾರೋ 'ಹೊಗೆಯವರ ಹುಡುಗಿ' ಎಂದು ಕರೆದರು. ಹುಡುಗಿಗೆ ಮದುವೆ ಗೊತ್ತಾಗಿತ್ತು. ಇನ್ನು ಹುಟ್ಟುವ ಮೊಮ್ಮಕ್ಕಳೂ ಹೊಗೆಯೇ. ಆ ದಿನ ವಿಸ್ತಿನ್ ಊಟ ಬಿಟ್ಟ. ಕಪ್ ಗೆಲ್ಲದೆ ಈ ಹೆಸರು ಹೋಗುವುದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು.

ನಾನು ಊರಿನ ಕ್ಷೌರಿಕ, ಜಾರೆನ್. ನಮ್ಮೂರಿಗೆ ಚರ್ಚು ಒಂದೇ, ಸಂತರು ಇಬ್ಬರು. ಒಬ್ಬೊಬ್ಬ ಸಂತನ ಹಬ್ಬಕ್ಕೂ ಬ್ಯಾಂಡ್ ನುಡಿಸುವ ಒಂದೊಂದು ಕ್ಲಬ್ಬು. ಸಂತ ರೋಕುವಿನ ಬ್ಯಾಂಡ್ ಕ್ಲಬ್ಬು ಕೆಂಪು, ಸಂತ ಜೋಸೆಫರ ಬ್ಯಾಂಡ್ ಕ್ಲಬ್ಬು ನೀಲಿ. ಹುಟ್ಟಿದ ಮಗುವಿಗೆ ಮೊದಲು ಹಾಲು ಕೊಡಬೇಕೋ ಬಣ್ಣ ಕೊಡಬೇಕೋ ಎಂಬ ಬಗ್ಗೆ ಇನ್ನೂ ಭಿನ್ನಾಭಿಪ್ರಾಯವಿದೆ. ನನ್ನ ಅಂಗಡಿಯಲ್ಲಿ ಎರಡು ಕುರ್ಚಿ, ಬಲಗಡೆಯದು ಕೆಂಪಿನವರಿಗೆ, ಎಡಗಡೆಯದು ನೀಲಿಯವರಿಗೆ. ನನ್ನ ಕತ್ತಿ ಎರಡೂ ಕಡೆಯ ಗಂಟಲ ಮೇಲೆ ಓಡುವುದರಿಂದ ನನ್ನ ನಿಷ್ಪಕ್ಷಪಾತವನ್ನು ಯಾರೂ ಪ್ರಶ್ನಿಸುವುದಿಲ್ಲ. ವಿಸ್ತಿನ್ ಹುಟ್ಟಾ ನೀಲಿ. ಅವನ ಹೆಂಡತಿ ಫಿಲುಮೆನಾ ಹುಟ್ಟಾ ಕೆಂಪು. ಹಬ್ಬದ ವಾರ ಅವರ ಮನೆಯ ಒಂದು ಕಿಟಕಿಗೆ ಒಂದು ಬಣ್ಣ, ಇನ್ನೊಂದಕ್ಕೆ ಇನ್ನೊಂದು. ಒಳಗೆ ಏನು ನಡೆಯುತ್ತದೆ ಎಂಬುದು ದೇವರಿಗೆ ಗೊತ್ತು.

ಒಂದು ಶನಿವಾರ ವಿಸ್ತಿನ್ ಎಡಗುರ್ಚಿಯಲ್ಲಿ ಕೂತು, ನಾನು ನೊರೆ ಹಚ್ಚುತ್ತಿದ್ದಾಗ, ಬೇಡದ ಮಾತೊಂದನ್ನು ಆಡಿಬಿಟ್ಟ.

"ಜಾರೆನ್, ಈ ಸಲ ನೋಡ್ತಾ ಇರು. ತೇಪೆ ಹಾಕಿರೋ ಕ್ಲಚ್ಚು, ಹಳೇ ಫ್ಲೈವೀಲು ಎರಡೂ ಬದಲಾಯಿಸ್ತೀನಿ. ಇರೋದ್ರಲ್ಲೇ ಬೆಸ್ಟು ಹಾಕಿಸ್ತೀನಿ. ಕಪ್ ನಂದೇ."

ಬಲಗುರ್ಚಿಯಲ್ಲಿ ಬಿಸಿ ಟವೆಲ್ ಕೆಳಗೆ ಮಲಗಿದ್ದ ಮುಖ ಎದ್ದು ಕೂತಿತು. ಅದು ರುಜಾರ್, ಫಿಲುಮೆನಾಳ ತಮ್ಮ, ಕೆಂಪಿನವರ ಮೆಕ್ಯಾನಿಕ್.

"ಬೆಸ್ಟು ಅಂದ್ರೆ ನನ್ ಹತ್ರ ಇದೆ ಭಾವ. ಇಂಜಿನ್ ಬೆನ್ನಲ್ಲಿ ತಿರುಗೋ ಹಳೇ ಫ್ಲೈವೀಲ್ ಚಕ್ರ ಒಂಬತ್ತು ಕೆಜಿ. ಅಷ್ಟು ಹೊತ್ಕೊಂಡು ಇಂಜಿನ್ ಹೆಂಗೆ ಓಡ್ಬೇಕು, ಪಾಪ? ನಂದು ನಾಲ್ಕೂವರೆ. ಕಾಲು ಮುಟ್ಟಿಸಿದ್ರೆ ಸಾಕು, ಬಾಲ ತುಳಿಸ್ಕೊಂಡ ಬೆಕ್ಕಿನ ಹಂಗೆ ಎದ್ದೇಳತ್ತೆ. ಅದಕ್ಕೆ ಲೋಹದ ಕ್ಲಚ್ ಪ್ಲೇಟು. ಜಾರೋ ಮಾತೇ ಇಲ್ಲ."

ಬಾಗಿಲ ಬಳಿ ಸರದಿಗೆ ಕಾಯುತ್ತಿದ್ದವನು ಕೆಮ್ಮಿದ. ಅದು ಸಾವೇರ್, ನೀಲಿಯವರ ಮೆಕ್ಯಾನಿಕ್. ಹನ್ನೊಂದು ವರ್ಷದ ಹಿಂದೆ ಹಬ್ಬದ ಮೆರವಣಿಗೆಯಲ್ಲಿ ಸಾವೇರನ ಬ್ಯಾಂಡು ರುಜಾರನ ಬೀದಿಯನ್ನು ಐದು ನಿಮಿಷ ತಡವಾಗಿ ಬಿಟ್ಟಿತ್ತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

"ಜಾರೆನ್, ಆ ಟವೆಲ್‌ನೋರಿಗೆ ಹೇಳು," ಎಂದ ಸಾವೇರ್. "ನಿಂತ ಜಾಗದಿಂದ ಏರು ಹತ್ತೋವಾಗ ಹಗುರ ಚಕ್ರ ಹಾಕ್ಕೊಂಡ್ರೆ ಇಂಜಿನ್ ಅಲ್ಲೇ ಪ್ರಾಣ ಬಿಡತ್ತೆ ಅಂತ. ತೂಕ ಬೇಕು, ತೂಕ! ಬೀಸೋ ಕಲ್ಲು ಹಗುರ ಇದ್ರೆ ಹಿಟ್ಟಾಗತ್ತಾ? ನನ್ ಹತ್ರ ಒಂಬತ್ತು ಕೆಜಿದು ಹೊಸದಿದೆ. ಜೊತೆಗೆ ಮೆತ್ತನೆ ನಾರಿನ ಪ್ಲೇಟು, ಮೇಲೆ ಗಟ್ಟಿ ಸ್ಪ್ರಿಂಗು."

"ಜಾರೆನ್, ಬಾಗಿಲಲ್ಲಿ ನಿಂತಿರೋರಿಗೆ ಹೇಳು, ಇದು ರೇಸು, ಹಿಟ್ಟಿನ ಗಿರಣಿ ಅಲ್ಲ ಅಂತ."

ನಾನು ನೊರೆ ಕೆರೆಯುತ್ತಲೇ ಇದ್ದೆ. ನನ್ನ ಕತ್ತಿ ಆಗ ವಿಸ್ತಿನನ ಗಂಟಲ ಗಂಟಿನ ಮೇಲಿತ್ತು.

"ಭಾವ, ನಂದೇ ತಾನೆ ಹಾಕ್ಸೋದು?"

"ಹೂಂ," ಎಂದ ವಿಸ್ತಿನ್.

"ವಿಸ್ತಿನ್, ನೀಲಿ ಕ್ಲಬ್ಬಿನ ಮಾನದ ಪ್ರಶ್ನೆ. ನಂದೇ ತಾನೆ?"

"ಹೂಂ."

ಗಂಟಲ ಮೇಲೆ ಕತ್ತಿ ಇರುವಾಗ ಮನುಷ್ಯ ಇನ್ನೇನು ಹೇಳಲು ಸಾಧ್ಯ? ಆದರೆ ಕತ್ತಿ ತೆಗೆದ ಮೇಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಅದು ವಿಸ್ತಿನನ ಸ್ವಭಾವ. ಅವನು ಎರಡು ಮನೆಯಲ್ಲಿ ಒಂದೇ ಹೊತ್ತಿಗೆ ಊಟಕ್ಕೆ ಒಪ್ಪಿಕೊಂಡು, ಎರಡು ಕಡೆಯೂ ಉಂಡು, ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆಗೆ ಹೋದವನು.

ತನಗೆ ಅಂದ ಹೂಂ ನಿಜ, ಇನ್ನೊಬ್ಬನಿಗೆ ಅಂದದ್ದು ದಾಕ್ಷಿಣ್ಯಕ್ಕೆ ಎಂದು ಇಬ್ಬರೂ ನಂಬಿದರು. ಸೋಮವಾರದ ಹೊತ್ತಿಗೆ ಎರಡೂ ಕಡೆಯ ಮಾಲು ಅವನ ಮನೆಗೆ ಬಂದಿತ್ತು. ಪುಕ್ಕಟೆ, ಕ್ಲಬ್ಬಿನ ಮಾನಕ್ಕಾಗಿ. ರುಜಾರ್ ತನ್ನ ಚಕ್ರದ ಮೇಲೂ ಪ್ಲೇಟಿನ ಮೇಲೂ ಸಂತ ರೋಕುವಿನ ಹೆಸರು ಕೊರೆಸಿದ್ದ. ಸಾವೇರ್ ತನ್ನದರ ಮೇಲೆ ಸಂತ ಜೋಸೆಫರ ಹೆಸರಿನ ಜೊತೆ ಒಂದು ಲಿಲ್ಲಿ ಹೂವನ್ನೂ ಕೊರೆಸಿದ್ದ. ನಾನೇ ಕೂಡಿಸಿಕೊಡುತ್ತೇನೆಂದು ಇಬ್ಬರೂ ಹಟ ಹಿಡಿದರು. ವಿಸ್ತಿನ್ ರುಜಾರನಿಗೆ, "ನನ್ ಕಾರು ಕೆಂಪಿನವರ ಗ್ಯಾರೇಜಲ್ಲಿ ಕಂಡ್ರೆ ನಮ್ಮೋರು ನನ್ನ ಹೂತಾಕ್ತಾರೆ, ನಾನೇ ಕೂಡಿಸ್ಕೋತೀನಿ" ಎಂದ. ಸಾವೇರನಿಗೆ, "ನಿನ್ ಗ್ಯಾರೇಜಲ್ಲಿ ಕಂಡ್ರೆ ಮನೇಲಿ ಫಿಲುಮೆನಾ ಹೂತಾಕ್ತಾಳೆ" ಎಂದ. ಎರಡೂ ಕಾರಣ ಗಟ್ಟಿಯಾಗಿದ್ದವು, ಇಬ್ಬರೂ ಒಪ್ಪಿದರು.

ಈ ಫ್ಲೈವೀಲ್ ಮತ್ತು ಕ್ಲಚ್ಚಿನ ಗುಣ ಏನೆಂದರೆ, ಒಂದು ಇಂಜಿನ್ನಿನ ಬೆನ್ನಿಗೆ ಬೋಲ್ಟಾಗುತ್ತದೆ, ಇನ್ನೊಂದು ಅದರ ಬೆನ್ನಿಗೆ ಒತ್ತಿಕೊಳ್ಳುತ್ತದೆ, ಮೇಲೆ ಗೇರ್‌ಬಾಕ್ಸಿನ ಕವಚ ಮುಚ್ಚಿಕೊಳ್ಳುತ್ತದೆ. ಒಮ್ಮೆ ಮುಚ್ಚಿತೆಂದರೆ ಒಳಗೇನಿದೆ ಎಂದು ಯಾವ ಮಗನಿಗೂ ಕಾಣುವುದಿಲ್ಲ. ಇಂಥ ವಸ್ತುವನ್ನು ಹಾಲ್ ಬಿಸ್ರಾದ ಜನರ ಕೈಗೆ ಕೊಡಬಾರದು.

ವಿಸ್ತಿನ್ ಚರ್ಚಿಗೆ ಹೋಗಿ ಪಾಪನಿವೇದನೆ ಮಾಡಿಕೊಂಡ. ಇಬ್ಬರಿಗೆ ಹೂಂ ಅಂದದ್ದು ಪಾಪವೇ ಎಂದು ಕೇಳಿದ. ಜಾಲರಿಯ ಆಚೆಯಿಂದ ಪಾದ್ರಿ ಪಿಸುಗುಟ್ಟಿದರಂತೆ, "ಪಾಪದ ವಿಷಯ ಆಮೇಲೆ ನೋಡೋಣ. ಹಗುರದ್ದು ಹಾಕು ಮಗನೇ."

ಫಿಲುಮೆನಾ ಊಟದ ಮೇಜಿನ ಕೆಳಗೆ ನಾಲ್ಕು ಪೊಟ್ಟಣ ಕಂಡು ಎಲ್ಲ ತಿಳಿದುಕೊಂಡಳು. ಅವಳು ಕಿರುಚಲಿಲ್ಲ, ಅದೇ ಭಯ ಹುಟ್ಟಿಸಿತು ಎಂದು ವಿಸ್ತಿನ್ ನನಗೆ ಹೇಳಿದ.

"ಏನ್ರೀ, ಯಾವ್ದು ಹಾಕ್ಬೇಕು ಅಂತ ನಿಮಗೆ ಗೊತ್ತಾ?"

"ಇಲ್ಲ."

"ಗೊತ್ತಿರೋರು ಈ ಊರಲ್ಲಿ ಯಾರೂ ಇಲ್ಲ. ಎಲ್ರೂ ಸಂತರನ್ನ ನೋಡಿ ಹೇಳ್ತಾರೆ, ಕಾರ್ ನೋಡಿ ಹೇಳೋರಿಲ್ಲ. ಗೋಜೋಗೆ ಹೋಗಿ. ಗೋಜೋದೋರಿಗೆ ನಮ್ಮ ಎರಡೂ ಕಡೆಯೋರ ಬಗ್ಗೆ ಒಂದೇ ಥರ ತಾತ್ಸಾರ."

ಗೋಜೋ ನಮ್ಮ ಪಕ್ಕದ ಪುಟ್ಟ ದ್ವೀಪ. ಕಾರನ್ನು ದೋಣಿಯ ಮೇಲೆ ಏರಿಸಿಕೊಂಡು ಹೋಗಬೇಕು. ಯಾಕೆಂದು ಕೇಳಿದವರಿಗೆ ವಿಸ್ತಿನ್ ಅಲ್ಲಿನ ಮಾತೆಯ ಗುಡಿಗೆ ಹರಕೆ ಎಂದ. ಒಳ್ಳೆಯ ಸುಳ್ಳಿಗೆ ಇರಬೇಕಾದ ಎಲ್ಲ ಲಕ್ಷಣ ಅದಕ್ಕಿತ್ತು, ತೊಂದರೆ ಒಂದೇ: ಇಡೀ ಊರೇ ಅದನ್ನು ನಂಬಿತು. ಹೊರಡುವ ಬೆಳಿಗ್ಗೆ ಅವನ ಬಾಗಿಲಲ್ಲಿ ಸಾಲು ನಿಂತಿತು. "ನನ್ನ ಮಂಡಿನೋವಿಗೆ ಒಂದು ಮೇಣದಬತ್ತಿ." "ನನ್ನ ಸೊಸೆಗೆ ಬುದ್ಧಿ ಬರಲಿ ಅಂತ ಎರಡು." ಡಿಕ್ಕಿಯಲ್ಲಿ ಎರಡು ಫ್ಲೈವೀಲು, ಎರಡು ಕ್ಲಚ್ಚು, ಅರವತ್ತೊಂದು ಮೇಣದಬತ್ತಿ. ವಿಸ್ತಿನ್ ಪ್ರಾಮಾಣಿಕ. ಎಲ್ಲವನ್ನೂ ಹಚ್ಚಿಯೇ ಮೆಕ್ಯಾನಿಕನ ಬಳಿ ಹೋದ, ಅದಕ್ಕೆ ಎರಡು ಗಂಟೆ ಹಿಡಿಯಿತು.

ಗೋಜೋದ ಮಿಕೆಲ್ ಮುದುಕ, ಮಾತು ಕಮ್ಮಿ. ನಾಲ್ಕೂ ಪೊಟ್ಟಣ ಬಿಚ್ಚಿ ನೋಡಿ ಪಕ್ಕಕ್ಕಿಟ್ಟ.

"ಹೊಟ್ಟೆಪಾಡಿಗೆ ಏನ್ ಓಡಿಸ್ತೀಯಪ್ಪಾ?"

"ನೀರಿನ ಟ್ಯಾಂಕರ್ರು. ಇಪ್ಪತ್ತೆರಡು ವರ್ಷ ಆಯ್ತು."

"ಕಾರ್ ಹತ್ತು. ಆ ಏರಲ್ಲಿ ನಿಲ್ಸಿ ನಿಲ್ಸಿ ಓಡ್ಸು."

ಮಿಕೆಲ್ ರಸ್ತೆ ನೋಡಲಿಲ್ಲ. ಅರ್ಧ ಗಂಟೆ ಪಕ್ಕದಲ್ಲಿ ಕೂತು ವಿಸ್ತಿನನ ಎಡಗಾಲನ್ನೇ ನೋಡಿದ.

"ನಿನ್ ಕಾಲು ಟ್ಯಾಂಕರ್ ಕಾಲು. ಮೆಲ್ಲಗೆ ಬಿಡತ್ತೆ. ಲೋಹದ ಪ್ಲೇಟು ಹಂಗೆ ಮೆಲ್ಲಗೆ ಬಿಟ್ರೆ ಒಪ್ಪಲ್ಲ, ಒದೆಯತ್ತೆ. ನಿಂಗೆ ನಾರಿಂದೇ ಸರಿ. ಆದ್ರೆ ತಿರುವಿಂದ ಆಚೆ ಬರೋವಾಗ ಇಂಜಿನ್ ಬೇಗ ಏಳ್ಬೇಕು. ಅದಕ್ಕೆ ಹಗುರ ಚಕ್ರ. ಹಗುರ ಚಕ್ರ ಹೊರಡೋವಾಗ ಸಾಯತ್ತೆ ಅಂತಾರಲ್ಲ, ಅದು ಅವಸರದ ಕಾಲಿಗೆ. ನಿಂದು ಸಾಯ್ಸಲ್ಲ."

"ಅಂದ್ರೆ... ಚಕ್ರ ರೋಕುದು, ಪ್ಲೇಟು ಜೋಸೆಫಂದಾ?"

"ಯಾರಪ್ಪ ಅವ್ರು?" ಎಂದ ಮಿಕೆಲ್. ಅವನು ಸಂತರ ಬಗ್ಗೆ ಯೋಚಿಸಿರಲೇ ಇಲ್ಲ. ಸಂಜೆಯೊಳಗೆ ಎರಡನ್ನೂ ಕೂಡಿಸಿ ಕವಚ ಮುಚ್ಚಿಬಿಟ್ಟ.

ವಿಸ್ತಿನ್ ಇದನ್ನೆಲ್ಲ ನನ್ನ ಕುರ್ಚಿಯಲ್ಲಿ ಕೂತು ಹೇಳಿದ. ಹೇಳಿ, "ಯಾರ್ಗೂ ಹೇಳ್ಬೇಡ" ಎಂದ. ನಾನು ಹೇಳಲಿಲ್ಲ. ಒಬ್ಬ ಕ್ಷೌರಿಕ ಇಂಥದ್ದನ್ನು ಆರು ವಾರ ಹೊಟ್ಟೆಯಲ್ಲಿಟ್ಟುಕೊಂಡ ಎಂದರೆ ಅದಕ್ಕೂ ಒಂದು ಕಪ್ ಕೊಡಬೇಕು.

ಆ ಆರು ವಾರ ಊರು ಮೈಮರೆಯಿತು. ನೀಲಿ ಕಾರಿನ ಹೊಟ್ಟೆಯಲ್ಲಿ ನಮ್ಮ ಸಂತ ಕೂತಿದ್ದಾನೆ ಎಂದು ಕೆಂಪಿನವರು ಒಳಗೊಳಗೇ ಕುಣಿದರು. ಒಬ್ಬ ನೀಲಿಯವನು ಕೆಂಪು ಹೆಂಡತಿಯನ್ನು ಕಟ್ಟಿಕೊಂಡೂ ನಮ್ಮದೇ ಹಾಕಿಸಿದ ಎಂದು ನೀಲಿಯವರು ಎದೆ ಉಬ್ಬಿಸಿದರು. ಎರಡೂ ಸಮಿತಿ ಸಭೆ ಸೇರಿ, ಗೆದ್ದರೆ ಬ್ಯಾಂಡು, ಬಾವುಟ, ನೂರು ಗರ್ನಾಲು ಎಂದು ನಿರ್ಣಯ ಮಾಡಿದವು. ನನ್ನ ಎರಡು ಕುರ್ಚಿಯಲ್ಲೂ ಜನ ಕಣ್ಣು ಮಿಟುಕಿಸುತ್ತ ಕೂರುತ್ತಿದ್ದರು. ಕಣ್ಣು ಮಿಟುಕಿಸುವವನಿಗೆ ಕ್ಷೌರ ಮಾಡುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು.

ರೇಸಿನ ದಿನ ಬಂತು. ಇಲ್ಲಿ ಒಂದೊಂದೇ ಕಾರು ಬೆಟ್ಟ ಹತ್ತುತ್ತದೆ, ಕಮ್ಮಿ ಹೊತ್ತು ತೆಗೆದುಕೊಂಡವನಿಗೆ ಕಪ್. ವಿಸ್ತಿನನ ವರ್ಗದಲ್ಲಿ ಏಳು ಕಾರು. ಆರನ್ನು ಯಾರೂ ಲೆಕ್ಕಕ್ಕಿಡಲಿಲ್ಲ, ಯಾಕೆಂದರೆ ಏಳನೆಯದು ನೋಟರಿ ಶೆಂಬ್ರಿಯದು. ಪಟ್ಟಣದ ಮನುಷ್ಯ, ಬಿಳಿ ಕೈಗವಸು, ವಿದೇಶದಿಂದ ತರಿಸಿದ ಮೂರು ಪ್ಲೇಟಿನ ಕ್ಲಚ್ಚು. ನಾಲ್ಕು ವರ್ಷದಿಂದ ಕಪ್ ಅವರದೇ.

ವಿಸ್ತಿನ್ ಗೆರೆಯ ಮೇಲೆ ನಿಂತ. ಮೈಕಿನವನು, "ಬೆಂಕಿ ಆರ್ಸೋರು ರೆಡಿ ಇದ್ದೀರಾ?" ಎಂದ. ಮತ್ತೆ ಮೂರು ಸಾವಿರ ಜನ ನಕ್ಕರು. ಹಸಿರು ದೀಪ ಬಂತು. ವಿಸ್ತಿನನ ಕಾಲು ನೀರು ತುಂಬಿದ ಟ್ಯಾಂಕರನ್ನು ಇಪ್ಪತ್ತೆರಡು ವರ್ಷದಿಂದ ಒಂದು ತೊಟ್ಟೂ ಚೆಲ್ಲದಂತೆ ಎಬ್ಬಿಸುತ್ತ ಬಂದ ಹಾಗೆಯೇ ಕ್ಲಚ್ ಬಿಟ್ಟಿತು. ಹೊಗೆ ಇಲ್ಲ, ಕಿರುಚಾಟ ಇಲ್ಲ, ಕಾರು ಹೊರಟೇ ಹೋಯಿತು. ನಗುತ್ತಿದ್ದವರ ಬಾಯಿ ತೆರೆದೇ ಇತ್ತು.

ಎರಡನೇ ತಿರುವಿನಲ್ಲಿ ನಾನು ನಿಂತಿದ್ದೆ. ಅಲ್ಲಿ ಹಿಂದಿನ ಕಾರೊಂದು ಎಣ್ಣೆ ಚೆಲ್ಲಿ ಹೋಗಿತ್ತು. ನೋಟರಿ ಅಲ್ಲಿ ಜಾರಿ ಅಡ್ಡಡ್ಡ ಹೋಗಿ ಸುಧಾರಿಸಿಕೊಂಡಿದ್ದರು. ವಿಸ್ತಿನ್ ಎಣ್ಣೆಯನ್ನು ದೂರದಿಂದಲೇ ಕಂಡ. ಎಲ್ಲರೂ ಒಳಗಿಂದ ಕತ್ತರಿಸುವ ತಿರುವನ್ನು ಅವನು ಹೊರಗಿನ ಗೋಡೆಗೆ ಒಂದು ಗೇಣು ಬಿಟ್ಟು ಸುತ್ತಿ, ಸರಿಯಾದ ಜಾಗದಲ್ಲಿ ಕಾಲು ಒತ್ತಿದ. ಇಂಜಿನ್ ತಟ್ಟನೆ ಎದ್ದಿತು. ನಾನು ನಿಷ್ಪಕ್ಷಪಾತಿ ಎಂಬುದನ್ನು ಮರೆತು ಟೋಪಿ ಎಸೆದುಬಿಟ್ಟೆ, ಅದು ಬೇರೆ ಯಾರದೋ ಟೋಪಿ.

ಎಲ್ಲ ಮುಗಿದಾಗ ಮೈಕಿನವನು ಕಾಗದವನ್ನು ಎರಡು ಸಲ ಓದಿಕೊಂಡ. ನೋಟರಿಗಿಂತ ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗ ಮುಂದೆ, ವಿಸ್ತಿನ್.

ಎರಡೂ ಕಡೆಯಿಂದ ಗರ್ನಾಲು ಹಾರಿದವು. ಎರಡೂ ಬ್ಯಾಂಡು ಎರಡು ದಿಕ್ಕಿನಿಂದ ಎರಡು ಬೇರೆ ಹಾಡು ನುಡಿಸುತ್ತ ಬಂದವು. ಆದರೆ ಕಪ್ ಕೈಗೆ ಬರುವ ಮುಂಚೆ ನೋಟರಿ ಒಂದು ತಕರಾರು ಬರೆದು ಕಾರುಗಳ ತಪಾಸಣೆ ಮಾಡುವ ಪಾಚೆ ಮೇಡಂ ಕೈಗೆ ಕೊಟ್ಟರು.

"ಒಂಬತ್ತು ವರ್ಷ ಕೊನೇಲಿ ಬಂದೋನು ಹತ್ತನೇ ವರ್ಷ ಮೊದಲು ಬರ್ತಾನಾ ಮೇಡಂ? ಒಳಗೆ ನಿಷೇಧ ಮಾಡಿರೋ ಮಾಲು ಇದೆ. ಗೇರ್‌ಬಾಕ್ಸ್ ಇಳಿಸಿ."

"ಇಳಿಸಲಿ!" ಎಂದು ಕೆಂಪಿನವರು ಕೂಗಿದರು. "ಇಳಿಸ್ಲೇಬೇಕು!" ಎಂದು ನೀಲಿಯವರು ಕೂಗಿದರು. ಒಳಗಿರುವ ಸಂತನನ್ನು ಊರಿಗೆಲ್ಲ ತೋರಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಕ್ಕೀತೇ?

ವಿಸ್ತಿನನ ಮುಖ ನನ್ನ ನೊರೆಗಿಂತ ಬೆಳ್ಳಗಾಯಿತು.

"ಮೇಡಂ, ಬೇಡ. ಕಪ್ ಅವರಿಗೇ ಕೊಟ್ಬಿಡಿ. ನಾನು ಸೋತೆ ಅಂತ ಬರ್ಕೊಳ್ಳಿ."

ಫಿಲುಮೆನಾ ಜನರನ್ನು ಮೊಣಕೈಯಲ್ಲಿ ಸರಿಸಿಕೊಂಡು ಮುಂದೆ ಬಂದಳು.

"ಏನಂದ್ರಿ? ಈಗ ಬಿಟ್ಕೊಟ್ರೆ ನೀವು ಹೊಗೆ, ರೀತಾ ಹೊಗೆ, ಅವಳ ಮಕ್ಕಳೂ ಹೊಗೆ. ಜೊತೆಗೆ ಕಳ್ಳ ಅಂತ ಬೇರೆ. ಬಿಚ್ಚಲಿ. ಏನಾಗತ್ತೋ ಆಗ್ಲಿ!"

ಗೇರ್‌ಬಾಕ್ಸ್ ಇಳಿಸಲು ಒಂದೂವರೆ ಗಂಟೆ ಹಿಡಿಯಿತು. ಅಷ್ಟರಲ್ಲಿ ಜನ ಒಂದು ಬಂಡಿ ಬಿಸಿ ಪಾಸ್ತಿತ್ಸಿ ಕಡುಬು ತಿಂದು ಮುಗಿಸಿದರು. ಕೊನೆಗೆ ಪಾಚೆ ಮೇಡಂ ಕನ್ನಡಕ ಏರಿಸಿ, ಪ್ಲೇಟನ್ನು ಹೊರಗೆಳೆದು, ಅಳೆದು, ಬಗ್ಗಿ ಒಳಗೆ ಟಾರ್ಚು ಬಿಟ್ಟು, ಎಲ್ಲರಿಗೂ ಕೇಳುವಂತೆ ಓದಿದರು.

"ಅಳತೆ ಎಲ್ಲ ಸರಿ ಇದೆ. ನಿಷೇಧದ್ದು ಏನೂ ಇಲ್ಲ. ಫ್ಲೈವೀಲು, ಸಂತ ರೋಕು. ಕ್ಲಚ್ ಪ್ಲೇಟು, ಸಂತ ಜೋಸೆಫ್, ಒಂದು ಹೂವು. ತಕರಾರು ವಜಾ."

ತುತ್ತೂರಿಯವನು ಊದಲು ತುಂಬಿಕೊಂಡ ಉಸಿರನ್ನು ಹಾಗೇ ಹಿಡಿದುಕೊಂಡಿದ್ದ. ರುಜಾರ್ ಮತ್ತು ಸಾವೇರ್ ಎಣ್ಣೆ ಮೆತ್ತಿದ ಆ ಎರಡು ಸಾಮಾನನ್ನು ನೋಡಿದರು, ವಿಸ್ತಿನನನ್ನು ನೋಡಿದರು, ಆಮೇಲೆ ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬರನ್ನೊಬ್ಬರು ನೋಡಿದರು.

"ಗೆಲ್ಸಿದ್ದು ಚಕ್ರ," ಎಂದ ರುಜಾರ್, ನೇರವಾಗಿ ಸಾವೇರನಿಗೆ.

"ಚಕ್ರದ ಮುಖ! ನನ್ ಪ್ಲೇಟ್ ಹಿಡೀದೆ ಇದ್ದಿದ್ರೆ ನಿನ್ ಚಕ್ರ ಅಲ್ಲೇ ಗಿರಗಿಟ್ಲೆ ಆಡ್ತಿತ್ತು."

"ತಿರುವಲ್ಲಿ ಎದ್ದಿದ್ದು ಯಾವ್ದು? ನಿನ್ ನಾರಾ?"

"ಹೊರಡಿಸಿದ್ದು ಯಾವ್ದು, ಅದನ್ನ ಹೇಳು!"

ಐದು ನಿಮಿಷದಲ್ಲಿ ಇಡೀ ಊರು ಹೊಸದಾಗಿ ಎರಡಾಯಿತು. ನೀಲಿಯವರಲ್ಲೇ ಕೆಲವರು ಚಕ್ರದ ಕಡೆ ಹೋದರು, ಕೆಂಪಿನವರಲ್ಲೇ ಕೆಲವರು ಪ್ಲೇಟಿನ ಕಡೆ. ಪಾದ್ರಿ ಚಕ್ರದ ಕಡೆಯಿದ್ದರು. ಸಾರ್ಜೆಂಟ್ ಸೀಟಿ ಊದಿ ಊದಿ ಸುಸ್ತಾಗಿ, ತಾನೂ ಪ್ಲೇಟಿನ ಪರವಾಗಿ ಎರಡು ಮಾತಾಡಿದ. ಪಾಚೆ ಮೇಡಂ ಕಪ್ ಹಿಡಿದುಕೊಂಡು ಯಾವ ಕಡೆಗೆ ಕೊಡಬೇಕೆಂದು ತಿಳಿಯದೆ ನಿಂತಿದ್ದರು. ಕಪ್ಪಿಗೆ ಅಕ್ಕಪಕ್ಕದಿಂದ ಇಪ್ಪತ್ತು ಕೈ ಚಾಚಿದ್ದವು, ಅವುಗಳಲ್ಲಿ ವಿಸ್ತಿನನ ಕೈ ಇರಲಿಲ್ಲ. ಅವನನ್ನು ಯಾರೋ ಹಿಂದಕ್ಕೆ ತಳ್ಳಿದ್ದರು.

ಆಗ ಜೀವಮಾನದಲ್ಲಿ ಯಾರಿಗೂ 'ಊಹೂಂ' ಎನ್ನದ ಆ ಮನುಷ್ಯ ತನ್ನ ಎಸ್ಕಾರ್ಟಿನ ಬಾನೆಟ್ ಮೇಲೆ ಹತ್ತಿದ.

"ಸಾಕು ನಿಲ್ಸ್ರೋ!" ಎಂದು ಅರಚಿದ. ದನಿ ಒಡೆದಿತ್ತು. "ಚಕ್ರ ಓಡಿಸ್ಲಿಲ್ಲ. ಪ್ಲೇಟ್ ಓಡಿಸ್ಲಿಲ್ಲ. ರೋಕು ಓಡಿಸ್ಲಿಲ್ಲ, ಜೋಸೆಫ್ ಓಡಿಸ್ಲಿಲ್ಲ, ಅವರಿಬ್ಬರಿಗೂ ಲೈಸೆನ್ಸೇ ಇಲ್ಲ! ಕಾರು ಓಡ್ಸಿದ್ದು ನಾನು! ಎಣ್ಣೆ ಕಂಡಿದ್ದು ನಾನು, ಗೋಡೆ ಪಕ್ಕ ಹೋಗಿದ್ದು ನಾನು. ನಾನು ಓಡ್ಸಿದ್ದು ಕಣ್ರಯ್ಯಾ, ನಾನು!"

ಕಪ್ಪಿಗೆ ಚಾಚಿದ್ದ ಇಪ್ಪತ್ತು ಕೈ ಕೆಳಗಿಳಿದವು. ಈ ಸಂಗತಿ ಅಷ್ಟೂ ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಸತ್ಯ ಹೇಳಬೇಕೆಂದರೆ ನನಗೂ ಹೊಳೆದಿರಲಿಲ್ಲ.

"ಅದೂ ಹೌದು," ಎಂದ ಸಾವೇರ್, ತಲೆ ಕೆರೆದುಕೊಳ್ಳುತ್ತ.

"ಭಾವನೇ ಓಡ್ಸಿದ್ದು," ಎಂದ ರುಜಾರ್. "ನಾನು ಕಣ್ಣಾರೆ ನೋಡ್ದೆ."

ಫಿಲುಮೆನಾ ಪಾಚೆ ಮೇಡಂ ಕೈಯಿಂದ ಕಪ್ ಕಿತ್ತುಕೊಂಡು ಗಂಡನ ಕೈಗೆ ಕೊಟ್ಟಳು. ಆಮೇಲೆ ಆದ ಗದ್ದಲವನ್ನು ಏನು ಹೇಳಲಿ! ಅವನನ್ನು ಹೆಗಲ ಮೇಲೆ ಎತ್ತಿದರು, ಎಡಗಾಲಿನ ಕಡೆ ನೀಲಿಯವರು, ಬಲಗಾಲಿನ ಕಡೆ ಕೆಂಪಿನವರು. ಎರಡು ಬ್ಯಾಂಡಿಗೂ ಸಮಾನವಾಗಿ ಗೊತ್ತಿದ್ದ ಹಾಡು ಒಂದೇ, ಅದು ಶವಯಾತ್ರೆಯದು. ಅದನ್ನೇ ನಾಲ್ಕು ಪಟ್ಟು ವೇಗವಾಗಿ ನುಡಿಸಿಕೊಂಡು ಬಂದರು. ನೋಟರಿ ಶೆಂಬ್ರಿ ಕೂಡ ಹಿಂದೆ ಹಿಂದೆ ಬಂದು, ಇದನ್ನು ಕೂಡಿಸಿದ ಮೆಕ್ಯಾನಿಕನ ವಿಳಾಸ ಕೇಳಿದರು.

ಮರುದಿನ ಬೆಳಿಗ್ಗೆ ಮೇಲಿನ ಬೀದಿಯ ಮುದುಕಿಯೊಬ್ಬಳು ನೀರಿಗಾಗಿ ವಿಸ್ತಿನನನ್ನು ಹುಡುಕುತ್ತ ನನ್ನ ಅಂಗಡಿಗೆ ಫೋನ್ ಮಾಡಿದಳು. ವಿಸ್ತಿನ್ ಆಗಷ್ಟೇ ಬಂದು ಕೂತಿದ್ದ. ಅಂದು ಅವನು ಯಾವ ಕುರ್ಚಿ ಎಂದು ನೋಡಿರಲಿಲ್ಲ. ಬಲಗಡೆಯದರಲ್ಲಿ ಕೂತಿದ್ದ, ಯಾರೂ ಏನೂ ಅನ್ನಲಿಲ್ಲ. ನಾನು ಫೋನ್ ಇಟ್ಟು ಬಂದೆ.

"ಯಾರಂತೆ?"

"ಮೇಲಿನ ಬೀದಿಗೆ ನೀರು ಬೇಕಂತೆ. 'ಓಡಿಸಿದವರ ಟ್ಯಾಂಕರ್ ಕಳ್ಸು' ಅಂದ್ಲು."

ವಿಸ್ತಿನ್ ಕನ್ನಡಿಯಲ್ಲಿ ನನ್ನನ್ನೇ ನೋಡಿದ. ಅವನ ಕಣ್ಣು ತುಂಬಿತ್ತು, ನನ್ನದೂ.

"ಏನಂದ್ಲು? ಯಾರ ಟ್ಯಾಂಕರ್ರು?"

"ಓಡಿಸಿದವರದ್ದು."

"ಇನ್ನೊಂದ್ ಸಲ ಹೇಳು ಜಾರೆನ್."

ನಾನು ಕತ್ತಿಯನ್ನು ಕೆಳಗಿಟ್ಟು ಇನ್ನೊಂದು ಸಲ ಹೇಳಿದೆ.